ತಿಳಿಬೆಣ್ಣೆ

ಕರ್ರ್... ಕರ್ರ್... ಬೆಳಗಿನ ನಮಾಜಿನ ಕರೆ ಮುಗಿದ ಮೇಲೆ ಆ ಬೀದಿಗೆ ಕೇಳಿಬರುವ ಮೊದಲ ಸದ್ದು ಅದು. ಕೌಲಾಕ್ ಊರಿನ ಅಂಚಿನಲ್ಲಿ ಸಲೂಮ್ ನದಿಯ ನೀರು ಇಂಗಿ ಬಿಟ್ಟುಹೋದ ಉಪ್ಪಿನ ಹಕ್ಕಳೆಯನ್ನು ಆಗರದ ಆಳುಗಳು ಉದ್ದ ಹಿಡಿಯ ಹಲಗೆಗಳಿಂದ ಕೆರೆದು ಗುಡ್ಡೆ ಹಾಕುತ್ತಾರೆ. ಹೊಸದಾಗಿ ಕೇಳಿದವರಿಗೆ, ಮಲಗಿರುವ ಯಾವುದೋ ದೊಡ್ಡ ಜೀವದ ಚರ್ಮವನ್ನು ಯಾರೋ ನಿಧಾನವಾಗಿ ಸುಲಿಯುತ್ತಿದ್ದಾರೆ ಅನ್ನಿಸಬೇಕು. ಬುಗುಮಾಗೆ ಇಷ್ಟು ವರ್ಷ ಹಾಗೆ ಅನ್ನಿಸಿರಲಿಲ್ಲ. ಮೂರನೆಯ ಸಲ ಬಸುರಿಯಾಗಿ ಏಳನೆಯ ತಿಂಗಳು ನಡೆಯುತ್ತಿದ್ದಾಗ ಒಂದು ಬೆಳಿಗ್ಗೆ ಅನ್ನಿಸಿತು. ಅವಳು ಎದ್ದು ಕೂತು, ಕತ್ತಲಲ್ಲೇ ತನ್ನ ತೋಳನ್ನು ತಡವಿ, ಅದು ಅಲ್ಲೇ ಇದೆಯೆಂದು ಖಚಿತಮಾಡಿಕೊಂಡಳು.

ಬುಗುಮಾ ಎಂದರೆ 'ನನಗೆ ಬೇಡ' ಎಂದರ್ಥ. ಅವಳಿಗಿಂತ ಮೊದಲು ಹುಟ್ಟಿದ ಮೂವರನ್ನು ಕಳೆದುಕೊಂಡಿದ್ದ ತಾಯಿ, ನಾಲ್ಕನೆಯದಕ್ಕೆ ಆ ಹೆಸರಿಟ್ಟು ಸಾವಿನ ಕಣ್ಣು ತಪ್ಪಿಸಿದ್ದಳು. ಬೇಡದ ವಸ್ತುವನ್ನು ಯಾರು ತಾನೇ ಕದಿಯುತ್ತಾರೆ? ಕಡಲೆಕಾಯಿ ಹೊಲಗಳ ನಡುವಿನ ಹಳ್ಳಿಯಲ್ಲಿ ಹೀಗೆ ಉಳಿದುಕೊಂಡ ಹುಡುಗಿ ಹದಿನೇಳಕ್ಕೆ ಕೌಲಾಕ್‌ಗೆ ಮನೆಗೆಲಸಕ್ಕೆ ಬಂದಳು. ಆ ಮನೆಯ ಯಜಮಾನಿ ಮುಗಿಯಲು ಬಂದ ಮುಲಾಮಿನ ಡಬ್ಬಿಯೊಂದನ್ನು ಅವಳ ಕಡೆ ಎಸೆದು, "ತಗೋ, ಬೆರಳು ಹಾಕಿ ಬಳ್ಕೋ" ಅಂದಿದ್ದಳು. ಮೊದಲ ವಾರ ಮುಖ ಬೆಂಕಿಗೆ ಹಿಡಿದ ಹಾಗೆ ಉರಿಯಿತು. ಎರಡನೆಯ ತಿಂಗಳಿಗೆ ಮುಖದ ಬಣ್ಣ ತಿಳಿಯಾಯಿತು. 'ಏ ಹುಡುಗಿ' ಎನ್ನುತ್ತಿದ್ದ ಅಂಗಡಿಯವರು 'ಬಾ ತಂಗಿ' ಎನ್ನತೊಡಗಿದರು. ಅಂದಿನಿಂದ ಅವಳು ಅದನ್ನು ಬಿಟ್ಟದ್ದಿಲ್ಲ.

ಈಗ ಹನ್ನೊಂದು ವರ್ಷದಿಂದ ಅವಳು ದೊಡ್ಡ ಮಾರುಕಟ್ಟೆಯಲ್ಲಿ ಸುಕೇನಾಳ ಅಂಗಡಿಯಲ್ಲಿ ಮುಲಾಮು ಕಲಸುವವಳು. ಸುಕೇನಾ ಮೆಕ್ಕಾಗೆ ಹೋಗಿಬಂದವಳಾದ್ದರಿಂದ ಎಲ್ಲರೂ ಅವಳನ್ನು ಅಜಾ ಎಂದು ಕರೆಯುತ್ತಾರೆ. ನೀಲಿ ಪ್ಲಾಸ್ಟಿಕ್ ಬೋಗುಣಿ, ಮರದ ಸೌಟು, ಸುತ್ತ ಹೆಸರಿಲ್ಲದ ಟ್ಯೂಬುಗಳು. ಬುಗುಮಾ ಓದಲಾರಳು. ಮುಚ್ಚಳದ ಬಣ್ಣ ನೋಡಿ ಯಾವುದು ಎಷ್ಟು ಎಂದು ಹೇಳಬಲ್ಲಳು. ಅವಳ ಮುಖವೇ ಅಂಗಡಿಯ ಬೋರ್ಡು. "ಎಷ್ಟು ತಿಳಿ ಆಗುತ್ತೆ?" ಎಂದು ಗಿರಾಕಿ ಕೇಳಿದರೆ ಅಜಾ ಬಾಯಿ ತೆರೆಯುತ್ತಿರಲಿಲ್ಲ, ಬುಗುಮಾಳ ಕಡೆ ಗಲ್ಲ ತಿರುಗಿಸುತ್ತಿದ್ದಳು.

ಮುಖ, ಕೊರಳು, ತೋಳು ಮಾತ್ರ. ಬೆರಳ ಗಿಣ್ಣು, ಮೊಣಕೈ, ಕಿವಿಯ ಅಂಚು, ಹಿಮ್ಮಡಿಗಳಿಗೆ ಯಾವ ಮುಲಾಮೂ ಹಿಡಿಯುವುದಿಲ್ಲ. ಅವು ಹಳೆಯ ಬುಗುಮಾಳವಾಗಿಯೇ ಉಳಿದಿದ್ದವು. ಇನ್ನೊಂದು ಸಂಗತಿಯನ್ನು ಅವಳು ಯಾರಿಗೂ ಹೇಳಿರಲಿಲ್ಲ. ಪಕ್ಕದ ಸಾಲು ಮೀನಿನದು, ಮಾರುಕಟ್ಟೆಯ ತುಂಬ ನೊಣ. ಎಲ್ಲರ ಮೈಮೇಲೂ ಕೂರುವ ನೊಣಗಳು ಅವಳ ಹತ್ತಿರಕ್ಕೆ ಬಂದು, ಒಂದು ಗಳಿಗೆ ಗಾಳಿಯಲ್ಲೇ ನಿಂತು, ತಿರುಗಿ ಹೋಗುತ್ತಿದ್ದವು.

ಎರಡು ಸಲ ಅವಳ ಹೊಟ್ಟೆ ತುಂಬಿತ್ತು. ಎರಡು ಸಲವೂ ಎಂಟನೆಯ ದಿನದ ನಾಮಕರಣಕ್ಕೆ ಕುರಿ ಕೊಯ್ಯಲಿಲ್ಲ, ಯಾರ ಕಿವಿಯಲ್ಲೂ ಹೆಸರು ಉಸುರಲಿಲ್ಲ. ಉಸಿರಾಡದೆ ಬಂದವರಿಗೆ ಹೆಸರಿರುವುದಿಲ್ಲ. ಗಂಡ ಬಿರಾನ್ ಲಾರಿಗೆ ಉಪ್ಪಿನ ಮೂಟೆ ಹೊರುವವನು. ಎರಡನೆಯದನ್ನು ಮಣ್ಣುಮಾಡಿ ಬಂದವನು ಕೈಕಾಲು ತೊಳೆದು, "ಊಟಕ್ಕಿಡು" ಎಂದಷ್ಟೇ ಹೇಳಿದ್ದ. ಆಮೇಲೆ ಆ ಮಾತು ಆ ಮನೆಯಲ್ಲಿ ಬರಲಿಲ್ಲ. ಮೂರನೆಯದು ನಿಂತಾಗ ಅವಳು ನಾಲ್ಕನೆಯ ತಿಂಗಳಿಗೇ ಬಡಾವಣೆಯ ಆರೋಗ್ಯ ಕೇಂದ್ರಕ್ಕೆ ಹೋದಳು. ಈ ಮಗು ಉಳಿಯಬೇಕು. ಅವಳಿಗೆ ಬೇರೆ ಯಾವ ಆಸೆಯೂ ಇರಲಿಲ್ಲ.

ಅಲ್ಲಿಯ ಸೂಲಗಿತ್ತಿ ಮದಾಂ ಸಾಂಬೂ ದಕ್ಷಿಣದ ಜೋಲಾ ಕುಲದವಳು. ಬುಗುಮಾ ಸೆರೇರ್ ಕುಲದವಳು. ಈ ಎರಡು ಕುಲದವರು ಎದುರಾದರೆ ಒಬ್ಬರನ್ನೊಬ್ಬರು ತಮಾಷೆಗೆ ಆಳು ಎಂದು ಹಂಗಿಸದೆ ಮಾತು ಶುರುವಾಗುವುದಿಲ್ಲ.

"ಸೆರೇರಾ? ಹಾಗಾದ್ರೆ ನನ್ನ ಆಳು ನೀನು. ಒಡತಿ ಮುಂದೆ ಚಪ್ಪಲಿ ಬಿಟ್ಟು ಬರಬೇಕು ಅಂತ ಯಾರೂ ಹೇಳ್ಕೊಡ್ಲಿಲ್ವಾ?"

"ಒಡತಿಯಂತೆ ಒಡತಿ! ನಿಮ್ಮ ಜೋಲಾಗಳನ್ನ ನಮ್ಮಜ್ಜ ಸಂತೆಗೆ ಹೊಡ್ಕೊಂಡು ಹೋಗಿದ್ದ. ಒಬ್ಬೊಬ್ಬರೂ ಎರಡು ತಪ್ಪಲೆ ಅನ್ನ ತಿಂತಾರೆ ಅಂತ ಗೊತ್ತಾಗಿ ಯಾರೂ ಕೊಳ್ಳಲಿಲ್ಲವಂತೆ."

"ಬಾಯಿ ಮಾತ್ರ ಗಟ್ಟಿ ಇದೆ. ಮಲಕ್ಕೋ, ಹೊಟ್ಟೆ ನೋಡೋಣ."

ಹೊಟ್ಟೆ ನೋಡಿದ ಮೇಲೆ ಸಾಂಬೂ ಅವಳ ಕೈ ಹಿಡಿದು ತಿರುಗಿಸಿ, ಬೆರಳ ಗಿಣ್ಣುಗಳನ್ನು ನೋಡಿದಳು. ತಮಾಷೆ ಅವಳ ಮುಖದಿಂದ ಇಳಿಯಿತು. "ಇದನ್ನೆಲ್ಲ ಇವತ್ತೇ ಬಿಡು. ಹೊಟ್ಟೆ ಬಿಗಿಯಾಗುತ್ತೆ, ತುರಿಸುತ್ತೆ, ಆಗ ಏನಾದ್ರೂ ಬೇಕೇ ಬೇಕು ಅನ್ಸಿದ್ರೆ ಕಾರಿತೆ ಬೆಣ್ಣೆ ಹಚ್ಕೋ. ತಿಳಿಯಾದ್ದು. ತಿಳಿಯಾದ್ದು ಮಾತ್ರ, ಗೊತ್ತಾಯ್ತಾ?"

"ಗೊತ್ತಾಯ್ತು ಮದಾಂ."

ಗೊತ್ತಾಗಿದೆಯೆಂದೇ ಅವಳು ನಂಬಿದ್ದಳು. ಸಾಂಬೂ ಹೇಳಿದ ತಿಳಿ ಬಾವಿನೀರಿನ ತಿಳಿ: ಏನೂ ಬೆರೆಸದ್ದು, ತಳ ಕಾಣುವಂಥದ್ದು. ಮಾರುಕಟ್ಟೆಯ ಸಾಲಿನಲ್ಲಿ ಮಾತ್ರ ತಿಳಿ ಎಂದರೆ ಇಪ್ಪತ್ತು ವರ್ಷದಿಂದ ಒಂದೇ ಅರ್ಥ: ಮೈಬಣ್ಣ ಬೆಳ್ಳಗೆ ಮಾಡುವಂಥದ್ದು. ಅಜಾಳ ಅಂಗಡಿಯಲ್ಲಿ ತಿಳಿಬೆಣ್ಣೆ ಎಂಬ ಹೆಸರಿನ ಸರಕೇ ಇತ್ತು. ಕಾರಿತೆ ಮರದ ಬೀಜದಿಂದ ತೆಗೆದ ಬೆಣ್ಣೆಯನ್ನು ಹಾಲಿನ ಕೆನೆಯಾಗುವವರೆಗೆ ಬಡಿದು, ಅದಕ್ಕೆ ಬಿಳಿ ಮುಚ್ಚಳದ ಟ್ಯೂಬು ನಾಲ್ಕು, ಒಂದು ಪೊಟ್ಟಣ ಬೂದು ಪುಡಿ, ಕೊನೆಗೆ ಮಲ್ಲಿಗೆಯ ಸೆಂಟು. ಕಲಸುತ್ತಿದ್ದವಳು ಬುಗುಮಾ. ಬೇರೆ ಮುಲಾಮುಗಳು ಉರಿಯುತ್ತಿದ್ದವು. ಇದು ಉರಿಯುತ್ತಿರಲಿಲ್ಲ, ಆದ್ದರಿಂದ ಇದು ಸಾಧುವಾದದ್ದು ಎಂದು ಎಲ್ಲರ ನಂಬಿಕೆ. ಅವಳು ಅಂದೇ ಉಳಿದ ಡಬ್ಬಿಗಳನ್ನೆಲ್ಲ ಬದಿಗಿಟ್ಟಳು. ಸ್ನಾನವಾದ ಮೇಲೆ ತಿಳಿಬೆಣ್ಣೆಯನ್ನು ಮಾತ್ರ, ಮೊದಲು ಹೊಟ್ಟೆಗೆ, ಆಮೇಲೆ ಮೈಗೆಲ್ಲ ಹಚ್ಚಿಕೊಂಡಳು. ತುರಿಕೆ ಎರಡೇ ದಿನಕ್ಕೆ ನಿಂತಿತು. ಮದಾಂ ಸಾಂಬೂ ತಿಳಿದವಳು ಅಂದುಕೊಂಡಳು.

"ಈ ಸಲ ಏನೋ, ಬಸುರಿಯರೇ ಹುಡ್ಕೊಂಡು ಬರ್ತಿದ್ದಾರೆ ಕಣೇ," ಎಂದು ಅಜಾ ಒಂದು ದಿನ ಖಾಲಿ ಡಬ್ಬಿಗಳನ್ನು ನೋಡಿ ಹಿಗ್ಗಿದಳು. "ಬರ್ತಾರೆ, 'ತಿಳಿಯಾದ್ದು ಕೊಡಿ' ಅಂತಾರೆ. ಆ ಜೋಲಾ ಹೆಂಗಸು ನಮ್ಮ ಕಡೆಯೋಳಾದ್ಲಾ ಹೇಗೆ?"

ಬುಗುಮಾ ನಕ್ಕು ಬೋಗುಣಿಗೆ ಕೈ ಹಾಕಿದಳು. ಚಪ್, ಚಪ್, ಚಪ್. ಬೆಣ್ಣೆ ಮೊಣಕೈವರೆಗೆ ಏರುತ್ತಿತ್ತು.

ಮನೆಯಲ್ಲಿ ನಾದಿನಿ ತೆನಿಂಗ್ ಆಗಲೇ ಎಂಟನೆಯ ದಿನದ ಸಿದ್ಧತೆಯಲ್ಲಿದ್ದಳು. ನಾಮಕರಣದಲ್ಲಿ ಮಗುವಿನ ಸೋದರತ್ತೆಯದೇ ದರ್ಬಾರು. "ಅತ್ತಿಗೇ, ಊರಿನ ಹೆಂಗಸರು ಮಗು ನೋಡಕ್ಕೆ ಬರ್ತಾರೆ ಅಂದ್ಕೊಂಡ್ಯಾ? ಮಗು ಬಟ್ಟೇಲಿ ಸುತ್ತಿರುತ್ತೆ, ಯಾರಿಗೆ ಕಾಣುತ್ತೆ! ಅವರು ನಿನ್ನ ನೋಡಕ್ಕೆ ಬರೋದು. ಗಿಣ್ಣಿಗೂ ಒಂದು ಚೂರು ತಿಕ್ಕು. ಗಿಣ್ಣು ನೋಡಿದ್ರೆ ಇದ್ದಿಲು ಮೂಟೆ ಹೊತ್ತೋಳ ಹಾಗಿದ್ದೀಯಾ."

"ಮಗು ಬರ್ಲಿ ಮೊದ್ಲು," ಎಂದಳು ಬುಗುಮಾ. ತೆನಿಂಗ್ ಗಪ್ಪನೆ ಬಾಯಿ ಮುಚ್ಚಿಕೊಂಡಳು. ಬರುವ ಮೊದಲು ಮಗುವಿನ ಹೆಸರೆತ್ತಬಾರದು, ಆ ತಪ್ಪು ಇಬ್ಬರದೂ ಆಯಿತು.

ಆರು ತಿಂಗಳು ತುಂಬಿದಾಗ ಸಾಂಬೂ ಟೇಪು ಹಿಡಿದು ಹೊಟ್ಟೆಯ ಎತ್ತರವನ್ನು ಸೆಂಟಿಮೀಟರ್‌ನಲ್ಲಿ ಅಳೆದಳು. ಇಪ್ಪತ್ತಾರು. ಹತ್ತು ದಿನ ಬಿಟ್ಟು ಬಾ ಎಂದಳು. ಆಗಲೂ ಇಪ್ಪತ್ತಾರು. ಇನ್ನೂ ಹತ್ತು ದಿನ ಕಳೆದು ಹೋದಾಗ ಸಾಂಬೂ ಮೂರು ಸಲ ಅಳೆದಳು. ಟೇಪನ್ನು ಬೆಳಕಿಗೆ ಹಿಡಿದು, ಅದೇ ಎಲ್ಲೋ ತಪ್ಪು ಮಾಡುತ್ತಿದೆ ಎಂಬಂತೆ ನೋಡಿದಳು. ಇಪ್ಪತ್ತಾರೇ.

"ಸರಿಯಾಗಿ ತಿಂತಿದ್ದೀಯಾ?"

"ಮೀನು, ಅನ್ನ, ಸಜ್ಜೆ ಗಂಜಿ, ಮೊಸರು, ಎಲ್ಲಾನೂ."

"ಮತ್ತೆ ಏನಮ್ಮ ಮಾಡ್ತಿದೆ ಇದು ಒಳಗೆ?" ಎಂದು ಸಾಂಬೂ ಹೊಟ್ಟೆಯನ್ನೇ ಕೇಳಿದಳು.

ಅಂದು ಮಾರುಕಟ್ಟೆಯಿಂದ ಹೊರಡುವುದು ತಡವಾಯಿತು. ಮುಸ್ಸಂಜೆಯಲ್ಲಿ ಬಸುರಿ ಬೀದಿಯಲ್ಲಿರಬಾರದು. ಜಿನ್ನುಗಳು ಮನೆ ಬದಲಾಯಿಸುವ ಹೊತ್ತದು, ಖಾಲಿ ಜಾಗ ಹುಡುಕುತ್ತಿರುತ್ತವೆ. ಬುಗುಮಾ ಕಡುನೀಲಿ ಬಟ್ಟೆ ತೊಟ್ಟು, ಅದೇ ಬಣ್ಣದ ವಸ್ತ್ರವನ್ನು ತಲೆಗೆ ಸುತ್ತಿಕೊಂಡು, ಬೇಗ ಬೇಗ ಹೆಜ್ಜೆ ಹಾಕುತ್ತಿದ್ದಳು. ಕರೆಂಟು ಹೋಯಿತು. ಬೀದಿಯ ಎಲ್ಲ ರೇಡಿಯೋಗಳೂ ಒಮ್ಮೆಲೇ ಸುಮ್ಮನಾದವು. ಗ್ಯಾರೇಜಿನ ಗೋಡೆಯ ಹತ್ತಿರ ತಿರುಗಿದಾಗ ಎದುರಿಗೆ ಒಂದು ಮುಖ ನಿಂತಿತ್ತು.

ಮುಖ ಮಾತ್ರ. ನೆಲದಿಂದ ಅವಳಷ್ಟೇ ಎತ್ತರದಲ್ಲಿ, ಮಾಸಿದ ಬೆಳ್ಳಗಿನ ಮುಖ. ಕಿವಿ ಇರಲಿಲ್ಲ. ಮೈ ಇರಲಿಲ್ಲ. ಮುಖದ ಕೆಳಗೆ, ಸ್ವಲ್ಪ ದೂರದಲ್ಲಿ, ಬೆರಳಿಲ್ಲದ ಎರಡು ಕೈಗಳು ತೇಲುತ್ತಿದ್ದವು.

ಬುಗುಮಾ ತಾಯಿ ಕಲಿಸಿದ ಪ್ರಾರ್ಥನೆ ಹೇಳತೊಡಗಿದಳು. ಮುಖವೂ ತುಟಿ ಅಲ್ಲಾಡಿಸಿತು. ಅವಳು ನಿಲ್ಲಿಸಿದಾಗ ಅದೂ ನಿಲ್ಲಿಸಿತು. ಆಗ ತಿಳಿಯಿತು, ಅದು ನಿಂತ ಬಸ್ಸಿನ ಕಿಟಕಿಯ ಗಾಜು. ನಗು ಬರಬೇಕಿತ್ತು, ಬರಲಿಲ್ಲ. ಅವಳು ಎರಡು ಕೈಗಳನ್ನೂ ಹೊಟ್ಟೆಯ ಮೇಲಿಟ್ಟಳು. ಗಾಜಿನಲ್ಲಿ ಆ ಎರಡು ಕೈಗಳು ಏನೂ ಇಲ್ಲದ ಜಾಗದ ಮೇಲೆ ಕೂತವು. ಹೊಟ್ಟೆ ಎಲ್ಲಿತ್ತೋ ಅಲ್ಲಿ ಬರೀ ಕತ್ತಲೆ.

ಮನೆಗೆ ಬಂದು ಮಲಗಿದಳು. ಎಡಮಗ್ಗುಲಿಗೆ ಹೊರಳಿದಾಗ ದಿನವೂ ಒದೆಯುತ್ತಿದ್ದದ್ದು ಅಂದು ಒದೆಯಲಿಲ್ಲ. ಬೆಳಿಗ್ಗೆ ಉಪ್ಪು ಕೆರೆಯುವ ಸದ್ದು ಕೇಳಿ ಎದ್ದು ತೋಳು ತಡವಿಕೊಂಡದ್ದು ಆಗಲೇ. ತುಂಬ ತಣ್ಣನೆಯ ನೀರು ಕುಡಿದು ಕಾದಳು. ಒಳಗೆ ಏನೂ ಅಲುಗಲಿಲ್ಲ. ಬಿರಾನ್ ಕೆಲಸಕ್ಕೆ ಹೋಗುವವರೆಗೆ ಸುಮ್ಮನಿದ್ದು, ಆಮೇಲೆ ತಲೆಗೆ ವಸ್ತ್ರವನ್ನೂ ಸುತ್ತದೆ ಹೊರಟಳು. ಡಬ್ಬಿ ಚೀಲದಲ್ಲಿತ್ತು. ಯಾಕೆ ತೆಗೆದುಕೊಂಡಳೋ ಅವಳಿಗೂ ಗೊತ್ತಿಲ್ಲ. ದಿನವೂ ಹಚ್ಚಿಕೊಳ್ಳುವ ಹೊತ್ತು ಅದಾಗಿತ್ತು, ಅಷ್ಟೇ.

ಸಾಂಬೂ ಮರದ ಕೊಳವೆಯನ್ನು ಹೊಟ್ಟೆಗಿಟ್ಟು ಕಿವಿಗೊಟ್ಟಳು. ಜಾಗ ಬದಲಾಯಿಸಿದಳು. ಮತ್ತೆ ಬದಲಾಯಿಸಿದಳು. ಕಣ್ಣು ಮುಚ್ಚಿ ಕೈ ಎತ್ತಿದಾಗ ಹೊರಗಿನ ಸಾಲಿನಲ್ಲಿ ಮಾತಾಡುತ್ತಿದ್ದ ಹೆಂಗಸರೂ ಸುಮ್ಮನಾದರು.

"ಇದೆ," ಅಂದಳು ಕೊನೆಗೆ. "ಬಡೀತಿದೆ. ಸಣ್ಣಗೆ. ದಣಿದ ಹಾಗೆ."

ಅವಳು ಕೊಳವೆ ಒರೆಸುತ್ತ ಮೂಗು ಅರಳಿಸಿದಳು. "ಏನಿದು ಮಲ್ಲಿಗೆ ವಾಸನೆ? ಏನು ಹಚ್ಕೊಂಡಿದ್ದೀ?"

"ನೀವು ಹೇಳಿದ್ದೇ," ಎಂದು ಬುಗುಮಾ ಡಬ್ಬಿ ತೆಗೆದು ಕೊಟ್ಟಳು. ಅವಳ ದನಿಯಲ್ಲಿ, ಹೇಳಿದ ಮಾತು ಕೇಳಿದ ಮಗುವಿನ ಹೆಮ್ಮೆಯಿತ್ತು.

ಸಾಂಬೂ ಬೆರಳಿಗೆ ಹಚ್ಚಿ ಮೂಸಿದಳು. ಕಾರಿತೆ ಬೆಣ್ಣೆಗೆ ಹೊಗೆಯ, ಹುರಿದ ಕಾಯಿಯ ವಾಸನೆ ಇರುತ್ತದೆ. ಇದರಲ್ಲಿ ಅದರ ಸುಳಿವೇ ಇರಲಿಲ್ಲ. "ಇದಕ್ಕೆ ಏನೇನು ಹಾಕ್ತಾರೆ?"

ಕಲಸುವವಳು ತಾನೇ ಎಂದು ಬುಗುಮಾ ಒಂದೊಂದಾಗಿ ಹೇಳಿದಳು. ಬಿಳಿ ಮುಚ್ಚಳ ನಾಲ್ಕು. ಬೂದು ಪುಡಿ ಒಂದು ಪೊಟ್ಟಣ. ಹೇಳುತ್ತ ಹೇಳುತ್ತ ಅವಳ ದನಿ ಇಳಿಯಿತು.

"ನಾನು ತಿಳಿಯಾದ್ದು ಅಂದಿದ್ದೆ."

"ಇದೇ ತಿಳಿಬೆಣ್ಣೆ, ಮದಾಂ."

ಸಾಂಬೂ ಡಬ್ಬಿಯನ್ನು ಮೇಜಿನ ಮೇಲಿಟ್ಟು, ಅದು ಜೀವಂತ ಹುಳುವೇನೋ ಎಂಬಂತೆ ಕೈ ಹಿಂದಕ್ಕೆ ತೆಗೆದುಕೊಂಡಳು. "ಚರ್ಮ ಅಂದ್ರೆ ಗೋಡೆ ಅಂದ್ಕೊಂಡಿದ್ದೀಯಾ? ಬಳಿದದ್ದು ಬಳಿದಲ್ಲೇ ಇರುತ್ತೆ ಅಂತಾನಾ? ಆ ಟ್ಯೂಬಿನದು ರಕ್ತಕ್ಕೆ ಹೋಗುತ್ತೆ. ರಕ್ತದಿಂದ ಒಳಗಿರೋದಕ್ಕೆ ಹೋಗುತ್ತೆ. ಬೆಳೀಬೇಡ, ಬೆಳೀಬೇಡ ಅಂತ ಅದಕ್ಕೆ ದಿನಾ ಹೇಳ್ತಾ ಇದೆ ಇದು. ಆ ಪುಡಿಲಿ ಪಾದರಸ ಇದ್ರೂ ಇದ್ದೀತು." ಆಮೇಲೆ ಗೋಡೆಗೆ ಹೇಳುವಂತೆ, "ಬಂದವರಿಗೆಲ್ಲ ಹೀಗೇ ಹೇಳಿದ್ದೀನಲ್ಲ ನಾನು. ತಿಳಿಯಾದ್ದು, ತಿಳಿಯಾದ್ದು ಅಂತ," ಎಂದಳು.

ತಿರುಗಿ ಕೇಳಿದಳು. "ನೀನು ಎಷ್ಟು ಬಸುರಿಯರಿಗೆ ಮಾರಿದ್ದೀ?"

ಬುಗುಮಾ ಬೆರಳು ಮಡಿಸಿ ಎಣಿಸತೊಡಗಿ, ಎರಡನೆಯ ಕೈಗೆ ಬಂದಾಗ ನಿಲ್ಲಿಸಿದಳು.

"ನನ್ನ ಹತ್ರ ಮತ್ತೆ ಬರೋರಿಗೆ ನಾನು ಹೇಳ್ತೀನಿ. ಬರದವರ ಮುಖ ನಿನಗೇ ಗೊತ್ತಿರೋದು."



ಹದಿನೆಂಟು ವರ್ಷ ಹಚ್ಚಿದ್ದನ್ನು ಒಂದೇ ದಿನಕ್ಕೆ ಬಿಟ್ಟರೆ ಮೈಯೇ ಕುಸಿದುಬೀಳಬಹುದೆಂದು ಸಾಂಬೂ ಅವಳನ್ನು ದೊಡ್ಡ ಆಸ್ಪತ್ರೆಯ ವೈದ್ಯರ ಹತ್ತಿರ ಕಳಿಸಿದಳು. ರಕ್ತ ತೆಗೆದರು, ಮಾತ್ರೆ ಕೊಟ್ಟರು, ವಾರ ವಾರ ಬಾ ಎಂದರು. ತಿಳಿಬೆಣ್ಣೆ ನಿಂತಿತು. ನಿಂತ ಐದನೆಯ ದಿನಕ್ಕೆ ಚರ್ಮ ಎದ್ದಿತು. ತೊಡೆಯ ಮೇಲೆ ಇರುವೆ ಸಾಲು ಹರಿದಂತೆ ತುರಿಕೆ. ತಲೆಯ ವಸ್ತ್ರ ಕೆನ್ನೆಗೆ ತಾಗಿದರೂ ಉರಿ. ಹಚ್ಚಿದರೆ ಎರಡು ನಿಮಿಷಕ್ಕೆ ತಣ್ಣಗಾಗುತ್ತದೆ ಎಂದು ಅವಳಿಗೆ ಗೊತ್ತಿತ್ತು. ಅದು ಗೊತ್ತಿರುವುದೇ ದೊಡ್ಡ ಹಿಂಸೆ.

ಅವಳು ಬಸ್ ನಿಲ್ದಾಣಕ್ಕೆ ಹೋದಳು. ಪೂರ್ವದಿಂದ ಬರುವ ಬಸ್ಸಿನ ಮೇಲೆ ಕಾರಿತೆ ಬೆಣ್ಣೆ ತರುವ ಮುದುಕಿಯೊಬ್ಬಳು ಸೋರೆಬುರುಡೆ ಮುಂದಿಟ್ಟುಕೊಂಡು ಕೂತಿದ್ದಳು. ಬೆಣ್ಣೆ ಹಳದಿಗಿತ್ತು, ತರಿತರಿಯಾಗಿತ್ತು, ಹೊಗೆ ವಾಸನೆ ಬರುತ್ತಿತ್ತು.

"ಅಜ್ಜೀ, ಇದಕ್ಕೆ ಏನಾದ್ರೂ ಸೇರ್ಸಿದ್ದೀರಾ?"

"ಸೇರ್ಸಿದ್ದೀನಿ."

"ಏನು?"

"ನನ್ನ ಸೊಂಟನೋವು," ಎಂದು ಮುದುಕಿ ಬೆರಳ ತುದಿಯಷ್ಟು ತೆಗೆದು ಬಾಯಿಗೆ ಹಾಕಿಕೊಂಡು ಚಪ್ಪರಿಸಿದಳು. "ನಮ್ಮೂರಲ್ಲಿ ಇದರಲ್ಲೇ ಅಡುಗೆ ಮಾಡೋದು ಮಗಳೇ. ಕಣ್ಣು ಬಿಟ್ಟುಕೊಂಡು ನೋಡ್ತೀಯಲ್ಲ, ಹಚ್ಕೊಳ್ಳಕ್ಕೆ ಬಂದ್ಯೋ, ಉಣ್ಣಕ್ಕೆ ಬಂದ್ಯೋ?"

ಬುಗುಮಾ ಅಂಗೈಯಲ್ಲಿ ಉಜ್ಜಿದಳು. ಕರಗಿತು. ಉರಿಯನ್ನು ಅದು ಮಾಯ ಮಾಡಲಿಲ್ಲ. ಚೂರು ಇಳಿಸಿತು, ಅಷ್ಟೇ. ಅವಳು ಅದನ್ನೇ ಹಚ್ಚಿದಳು.

ಬಣ್ಣ ಮೂರನೆಯ ವಾರಕ್ಕೆ ಮರಳತೊಡಗಿತು. ಕೂದಲ ಅಂಚಿನಿಂದ, ಕಿವಿಯ ಹಿಂದಿನಿಂದ, ಬಾವಿಯಲ್ಲಿ ನೀರು ಏರುವಂತೆ ಕಪ್ಪು ಮೆಲ್ಲಗೆ ಮುಖದೊಳಕ್ಕೆ ಬಂತು. ಒಂದು ಕೆನ್ನೆ ಮೊದಲು, ಇನ್ನೊಂದು ಆಮೇಲೆ. ಒಂದು ಮಧ್ಯಾಹ್ನ ಕನ್ನಡಿಯಲ್ಲಿ ಎಡಗಡೆಯ ಅರ್ಧ ಮುಖ ಅವಳ ತಾಯಿಯದಾಗಿತ್ತು. ಸತ್ತು ಒಂಬತ್ತು ವರ್ಷವಾಗಿದ್ದ ತಾಯಿ. ಬುಗುಮಾ ಕನ್ನಡಿಯನ್ನು ಗೋಡೆಗೆ ತಿರುಗಿಸಿಟ್ಟಳು. ಸಂಜೆಯ ಹೊತ್ತಿಗೆ ಮನಸ್ಸು ತಡೆಯದೆ ತಿರುಗಿಸಿದಳು. ತಾಯಿ ಅಲ್ಲೇ ಇದ್ದಳು, ಇನ್ನೂ ಸ್ವಲ್ಪ ಮುಂದಕ್ಕೆ ಬಂದಿದ್ದಳು.

"ಅಯ್ಯೋ ದೇವರೇ, ಚಿರತೆ ಆಗಿದ್ದೀಯಲ್ಲ ಅತ್ತಿಗೇ!" ತೆನಿಂಗ್ ಎದೆ ಬಡಿದುಕೊಂಡಳು. "ಎಂಟನೇ ದಿನ ನಾನು ಯಾರಿಗೆ ಮುಖ ತೋರಿಸ್ಲಿ?"

"ನಿಂದನ್ನೇ ತೋರ್ಸು. ಚೆನ್ನಾಗಿದೆ."

ಅಜಾ ಕೂಗಾಡಲಿಲ್ಲ. ಅಂಗಡಿಯ ಮುಂದಿನ ಸ್ಟೂಲಿನಿಂದ ಎಬ್ಬಿಸಿ ಪರದೆಯ ಹಿಂದೆ ಕೂರಿಸಿದಳು. ಮರುವಾರ ಪರದೆಯ ಹಿಂದೆಯೂ ಬೇಡವೆಂದಳು. "ಹೆರಿಗೆ ಆಗ್ಲಿ, ಮುಖ ಸರಿ ಮಾಡ್ಕೊಂಡು ಬಾ, ಬೋಗುಣಿ ನಿಂದೇ. ಆದ್ರೆ ಒಂದು ಮಾತು ಕೇಳು. ನಿನ್ನ ಹೊಟ್ಟೆ ವಿಷಯ ನಿನ್ನ ಹೊಟ್ಟೇಲೇ ಇರ್ಲಿ. ಅಂಗಡಿ ಹೆಸರು ಎತ್ತಬೇಡ."

"ಎತ್ತಲ್ಲ ಅಜಾ," ಎಂದಿದ್ದಳು ಬುಗುಮಾ. ಹನ್ನೊಂದು ವರ್ಷದ ಅನ್ನ ಅದು.

ಟೇಪು ಇಪ್ಪತ್ತೆಂಟು ಎಂದಿತು. ಆಮೇಲೆ ಮೂವತ್ತು. ಮುಂದಿನ ವಾರ ಮೂವತ್ತೊಂದು. ಸಾಂಬೂ ಸಂಖ್ಯೆಯನ್ನು ಗಟ್ಟಿಯಾಗಿ ಹೇಳದೆ, ಬುಗುಮಾಳ ಅಂಗೈ ಮೇಲೆ ಬೆರಳಿನಿಂದ ಬರೆದಳು. "ಆಳೇ, ನಿನ್ನ ಮಗು ಹಟಮಾರಿ." ಒಳಗಿನದು ಈಗ ರಾತ್ರಿಯಿಡೀ ಒದೆಯುತ್ತಿತ್ತು. ಬುಗುಮಾಗೆ ಮಾತ್ರ ನಿದ್ದೆ ಇರಲಿಲ್ಲ. ಕಣ್ಣು ಮುಚ್ಚಿದರೆ ಸಾಕು, ಮುಖಗಳು ಬಂದು ಸಾಲಾಗಿ ನಿಲ್ಲುತ್ತಿದ್ದವು. ಹಸಿರು ಬಾಗಿಲಿನ ಮನೆಯ ದರ್ಜಿಯ ಹೆಂಡತಿ. ಅವಳಿಜವಳಿ ಎಂದು ನಗುತ್ತಿದ್ದ ಹುಡುಗಿ. ಮೀನು ಮಾರುವವಳ ಸೊಸೆ. ಎಲ್ಲರೂ ಕೈ ಮುಂದೆ ಚಾಚಿ, ತಿಳಿಯಾದ್ದು ಕೊಡು ಅಕ್ಕಾ ಅನ್ನುತ್ತಿದ್ದರು. ಅವರಾರಿಗೂ ಹೊಟ್ಟೆ ಇರುತ್ತಿರಲಿಲ್ಲ.

ದಿನ ತುಂಬಲು ಹತ್ತು ದಿನವಿದ್ದಾಗ, ನಡುಮಧ್ಯಾಹ್ನ ತೆನಿಂಗ್ ಮೀನು ತಂದು ಅಂಗಳದಲ್ಲಿ ಕೂತು ಹೆರೆಯುತ್ತ ಸುದ್ದಿ ಹೇಳುತ್ತಿದ್ದಳು. ಯಾರದೋ ಕುರಿ ಕಳೆದದ್ದು, ಯಾರದೋ ಮದುವೆ. "ಆಮೇಲೆ ಅದೇ, ಆ ಮೀನಿನವಳ ಸೊಸೆ ಇಲ್ವಾ, ಆ ತೆಳ್ಳಗಿನೋಳು. ಐದು ತಿಂಗಳಂತೆ, ಹೊಟ್ಟೆನೇ ಏರ್ತಿಲ್ಲವಂತೆ. ಅವಳತ್ತೆ ಅಂತಾಳೆ, ಕಣ್ಣು ತಾಗಿದೆ, ತಾಯತ ಕಟ್ಟಿಸ್ತೀನಿ ಅಂತ. ಮೈಗೆ ಮಾತ್ರ ಎಷ್ಟು ಜೋಪಾನವಂತೆ ಅಂತೀಯಾ! ಬೆಳಿಗ್ಗೆ ಸಂಜೆ ತಿಳಿಬೆಣ್ಣೆನೇ..."

ಬುಗುಮಾ ಎದ್ದಳು. ಒಂದು ಕೈ ಸೊಂಟಕ್ಕೆ, ಒಂದು ಗೋಡೆಗೆ. ಬಾಗಿಲ ಬಳಿಯ ಚಪ್ಪಲಿಗೆ ಕಾಲು ಹುಡುಕಿದಳು.

"ಎಲ್ಲಿಗೆ? ಈ ಬಿಸಿಲಲ್ಲಾ? ನಡುಮಧ್ಯಾಹ್ನ ಬೀದೀಲಿ ಏನೇನು ಓಡಾಡ್ತಿರುತ್ತೆ ಗೊತ್ತಿಲ್ವಾ ನಿನಗೆ? ಮುಖಕ್ಕೆ ಏನಾದ್ರೂ ಮುಚ್ಕೋ, ಜನ ನೋಡಿದ್ರೆ ಹೆದರ್ಕೋತಾರೆ!"

"ಹೆದರ್ಕೊಳ್ಳಲಿ."

"ಅಜಾಗೆ ಮಾತು ಕೊಟ್ಟಿದ್ದೀಯ, ನೆನಪಿದೆಯಾ?"

"ಮೊದಲು ಮೀನಿನವಳ ಮನೆ," ಎಂದಳು ಬುಗುಮಾ. ಅವಳು ಆಗಲೇ ಹೊಸ್ತಿಲು ದಾಟಿದ್ದಳು. "ಅವಳಿಗೆ ಇನ್ನೂ ಹೊತ್ತಿದೆ. ಆಮೇಲೆ ಹಸಿರು ಬಾಗಿಲಿನದು, ಆಮೇಲೆ ಅವಳಿಜವಳಿ ಅಂದವಳು, ಅವಳ ಮನೆ ಎಲ್ಲೋ ಗೊತ್ತಿಲ್ಲ, ಕೇಳ್ಕೊಂಡು ಹೋಗ್ತೀನಿ. ನನ್ನ ಮುಖ ತೋರ್ಸಿ ಹೇಳ್ತೀನಿ. ಅದನ್ನ ಕಲಸಿದ್ದು ಈ ಕೈ, ತೆನಿಂಗ್, ಮೀನಿನವಳ ಸೊಸೆ ಡಬ್ಬಿ ತಗೊಳ್ಳುವಾಗ ನನ್ನನ್ನ ಕೇಳಿದ್ಲು, ಅಕ್ಕಾ ಇದು ಮಗುಗೆ ಏನೂ ಆಗಲ್ವಾ ಅಂತ, ನಾನು ನಕ್ಕು, ಇದು ಉರಿಯೋದೇ ಇಲ್ಲ, ಏನೂ ಆಗಲ್ಲ ಅಂದೆ."